ಪದ ಪರಿಚಯ: ಐಸಿಐ

ಐಸಿಐ ಅಂದರೆ ಇಂಟರ್‌ಕ್ಯಾರಿಯರ್ ಇಂಟರ್‌ಫಿಯರೆನ್ಸ್. ಮೊಬೈಲ್ ಡೇಟಾ ಹೊತ್ತು ತರುವ ಒಂದು ಸಣ್ಣ ಅಲೆಯ, ಅಂದರೆ ಉಪವಾಹಕದ, ಸಿಗ್ನಲ್ ಪಕ್ಕದ ಉಪವಾಹಕಕ್ಕೆ ಸೋರಿ ಅದನ್ನು ಕೆಡಿಸುವುದು.

4ಜಿ ಟವರ್ ನಿಮ್ಮ ಫೋನಿಗೆ ಕಳಿಸುವ ಡೇಟಾವನ್ನೆಲ್ಲ ಒಂದೇ ಅಲೆಯ ಮೇಲೆ ಹೇರುವುದಿಲ್ಲ. 15 ಕಿಲೋಹರ್ಟ್ಸ್‌ಗೆ ಒಂದರಂತೆ ಸಾಲಾಗಿ ನಿಂತ ಸಣ್ಣ ಅಲೆಗಳಿಗೆ ಹಂಚುತ್ತದೆ. ಇವೇ ಉಪವಾಹಕಗಳು. 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಇಂಥವು 1,200. ಈ ವಿಧಾನಕ್ಕೆ ಒಎಫ್‌ಡಿಎಂ ಎಂದು ಹೆಸರು. ಇದರ ಬುನಾದಿಯನ್ನು 1966ರಲ್ಲಿ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್ ಹಾಕಿಕೊಟ್ಟರು.

ಇದರ ಸೊಗಸು ಏನು ಗೊತ್ತಾ? ಉಪವಾಹಕಗಳ ನಡುವೆ ಖಾಲಿ ಜಾಗವೇ ಇಲ್ಲ, ಒಂದರ ಮೇಲೊಂದು ಹರಡಿಕೊಂಡಿವೆ. ಆದರೂ ಒಂದರ ಶಿಖರ ಇರುವ ಜಾಗದಲ್ಲಿ ಉಳಿದವೆಲ್ಲ ಸೊನ್ನೆ. ರಿಸೀವರ್ ಸರಿಯಾಗಿ ಆ ಜಾಗದಲ್ಲೇ ನೋಡಿದರೆ ಯಾವುದೂ ಬೆರೆಯುವುದಿಲ್ಲ. ಸ್ವಲ್ಪ ಶ್ರುತಿ ತಪ್ಪಿದರೂ ಆ ಸೊನ್ನೆಗಳು ಸೊನ್ನೆಯಾಗಿ ಉಳಿಯುವುದಿಲ್ಲ. ಐಸಿಐ ಹುಟ್ಟುವುದು ಅಲ್ಲೇ.

ಶ್ರುತಿ ತಪ್ಪಿಸುವವು ಮುಖ್ಯವಾಗಿ ಎರಡು. ಮೊದಲನೆಯದು ಆಸಿಲೇಟರ್, ಅಂದರೆ ಅಲೆಯ ಆವರ್ತನವನ್ನು ನಿಗದಿ ಮಾಡುವ ಸರ್ಕ್ಯೂಟ್. 2 ಗಿಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪಿದರೂ 2 ಕಿಲೋಹರ್ಟ್ಸ್ ಆಚೀಚೆ ಆಗುತ್ತದೆ. ಎರಡನೆಯದು ಡಾಪ್ಲರ್ ಪರಿಣಾಮ, ಅಂದರೆ ಚಲಿಸುವಾಗ ತಲುಪುವ ಅಲೆಯ ಆವರ್ತನ ಬದಲಾಗುವುದು. ಗಂಟೆಗೆ 120 ಕಿಲೋಮೀಟರ್ ವೇಗದ ರೈಲಿನಲ್ಲಿ ಇದು ಹೆಚ್ಚೆಂದರೆ ಸುಮಾರು 220 ಹರ್ಟ್ಸ್. ಅಂಕಿ ಚಿಕ್ಕದು, ಆದರೆ ನಿಜವಾದ ತಲೆನೋವು ಇದೇ. ಆಸಿಲೇಟರ್ ತಪ್ಪು ಎಲ್ಲ ಅಲೆಗಳಿಗೂ ಒಂದೇ. ಹಾಗಾಗಿ ಒಂದೇ ತುಣುಕನ್ನು ಎರಡು ಸಲ ಕಳಿಸಿ, ನಡುವೆ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದು) ಎಷ್ಟು ತಿರುಗಿದೆ ಎಂದು ಅಳೆದು, ಅಷ್ಟನ್ನೇ ಹಿಂದಕ್ಕೆ ತಿರುಗಿಸಿದರೆ ಸಾಕು. ಡಾಪ್ಲರ್ ಹಾಗಲ್ಲ. ಟವರ್‌ನಿಂದ ನೇರ ಬಂದ ಅಲೆಗೆ ಒಂದು ಲೆಕ್ಕ, ಗೋಡೆಗೆ ಬಡಿದು ಬಂದದ್ದಕ್ಕೆ ಇನ್ನೊಂದು. ಒಂದೇ ತಿದ್ದುಪಡಿ ಎಲ್ಲಕ್ಕೂ ಹೊಂದುವುದಿಲ್ಲ.

ಈ ಕಾಟ ತಗ್ಗಿಸಲು ಉಪವಾಹಕಗಳನ್ನು ದೂರ ದೂರ ಇಡಬಹುದು. 5ಜಿಯಲ್ಲಿ 30, 60, 120 ಕಿಲೋಹರ್ಟ್ಸ್ ಅಂತರಕ್ಕೂ ಅವಕಾಶವಿದೆ. ಆದರೆ ಅಂತರ ಜಾಸ್ತಿಯಾದಷ್ಟೂ ಪ್ರತಿ ಸಿಂಬಲ್‌ನ (ಒಂದು ಸಲಕ್ಕೆ ಕಳಿಸುವ ಸಿಗ್ನಲ್ ತುಣುಕಿನ) ಸಮಯ ಕಿರಿದಾಗುತ್ತದೆ. ತಡವಾಗಿ ಬರುವ ಪ್ರತಿಧ್ವನಿಗಳನ್ನು ತಾಳಿಕೊಳ್ಳುವುದು ಆಗ ಕಷ್ಟ.

ನನಗೆ ತುಂಬಾ ಇಷ್ಟವಾದ ಉಪಾಯ ಸೆಲ್ಫ್ ಕ್ಯಾನ್ಸಲೇಶನ್. ಯೂಪಿಂಗ್ ಝಾವೊ ಮತ್ತು ಸ್ವೆನ್ ಗುಸ್ತಾವ್ ಹೆಗ್‌ಮನ್ 2001ರಲ್ಲಿ ಇದನ್ನು ವಿವರವಾಗಿ ಬರೆದರು. ಒಂದೇ ಡೇಟಾವನ್ನು ಅಕ್ಕಪಕ್ಕದ ಎರಡು ಉಪವಾಹಕಗಳಲ್ಲಿ ಕಳಿಸಬೇಕು, ಆದರೆ ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್. ಅವೆರಡರಿಂದ ಮೂರನೆಯದಕ್ಕೆ ಸೋರುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಚಿಹ್ನೆ ಮಾತ್ರ ಉಲ್ಟಾ. ಹಾಗಾಗಿ ಸೋರಿಕೆಯೇ ಸೋರಿಕೆಯನ್ನು ಅಳಿಸುತ್ತದೆ! ಎಷ್ಟು ಶ್ರುತಿ ತಪ್ಪಿದೆ ಎಂದು ಅಳೆಯುವ ಗೋಜೂ ಇಲ್ಲ. ಬೆಲೆ ಮಾತ್ರ ದೊಡ್ಡದು: ಒಂದು ಡೇಟಾಕ್ಕೆ ಎರಡು ಉಪವಾಹಕ ಬೇಕಾದ್ದರಿಂದ ವೇಗ ಅರ್ಧಕ್ಕಿಳಿಯುತ್ತದೆ.