ಮಾನವಯುಗಕ್ಕೆ ಗಡಿಕಲ್ಲು ನೆಡಲಾಗದೆ ಹೋದದ್ದೇಕೆ?

2024ರ ಮಾರ್ಚ್ ತಿಂಗಳಲ್ಲಿ ಭೂವಿಜ್ಞಾನಿಗಳ ಒಂದು ಚಿಕ್ಕ ಉಪಸಮಿತಿ ಮತ ಹಾಕಿತು. ಮನುಷ್ಯನ ಚಟುವಟಿಕೆಯಿಂದಾಗಿ ಭೂಚರಿತ್ರೆಯಲ್ಲಿ ‘ಆಂಥ್ರೊಪೊಸೀನ್’ ಎಂಬ ಹೊಸ ಯುಗ ಶುರುವಾಗಿದೆಯೆಂದು ಅಧಿಕೃತವಾಗಿ ಒಪ್ಪಬೇಕೆ ಎಂಬುದು ಪ್ರಶ್ನೆ. ಪರವಾಗಿ ಬಿದ್ದದ್ದು 4 ಮತ, ವಿರುದ್ಧವಾಗಿ 12. ಮತದಾನ ನಿಯಮಬದ್ಧವಾಗಿರಲಿಲ್ಲವೆಂದು ಉಪಸಮಿತಿಯ ಅಧ್ಯಕ್ಷರೇ ಆಕ್ಷೇಪ ಎತ್ತಿದರು. ಆದರೂ ಭೂವೈಜ್ಞಾನಿಕ ವಿಜ್ಞಾನಗಳ ಅಂತಾರಾಷ್ಟ್ರೀಯ ಒಕ್ಕೂಟ ಅದೇ ತಿಂಗಳು ಫಲಿತಾಂಶವನ್ನು ಎತ್ತಿಹಿಡಿಯಿತು.

ಮನುಷ್ಯ ಭೂಮಿಯನ್ನು ಅಷ್ಟೇನೂ ಬದಲಿಸಿಲ್ಲವೆಂದು ವಿಜ್ಞಾನಿಗಳು ತೀರ್ಪು ಕೊಟ್ಟರು ಎಂದು ಇದನ್ನು ಓದಿಕೊಂಡರೆ ದೊಡ್ಡ ತಪ್ಪಾಗುತ್ತದೆ. ಜಗಳ ಇದ್ದದ್ದು ಬದಲಾವಣೆಯ ಬಗ್ಗೆ ಅಲ್ಲ. ಅದರ ಆರಂಭದ ಗೆರೆಯನ್ನು ಯಾವ ವರ್ಷಕ್ಕೆ, ಯಾವ ಜಾಗದಲ್ಲಿ ಎಳೆಯಬೇಕು ಎಂಬುದರ ಬಗ್ಗೆ.

ಆಂಥ್ರೊಪೊಸೀನ್ ಎಂಬ ಪದವನ್ನು ಲೋಕಕ್ಕೆ ಹರಡಿದವರು ನೆದರ್ಲೆಂಡ್ಸ್‌ನ ವಾತಾವರಣ ರಸಾಯನವಿಜ್ಞಾನಿ ಪೌಲ್ ಕ್ರುಟ್ಸೆನ್. ಓಜೋನ್ ಕುರಿತ ಕೆಲಸಕ್ಕೆ 1995ರಲ್ಲಿ ನೊಬೆಲ್ ಪಡೆದವರು. 1999ರಲ್ಲಿ ಅವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಅವರೊಂದಿಗೆ ಹಿಂದೂ ಮಹಾಸಾಗರದ ಮೇಲಿನ ಗಾಳಿಯನ್ನು ಅಳೆಯುವ ಬೃಹತ್ ಪ್ರಯೋಗವನ್ನು ಮುನ್ನಡೆಸಿದ್ದರು. ದಕ್ಷಿಣ ಏಷ್ಯಾದ ಹೊಗೆ ಸಮುದ್ರದ ಮೇಲೆ ಕಂದು ಮುಸುಕಾಗಿ ಹರಡಿರುವುದು ಆಗ ಸ್ಪಷ್ಟವಾಗಿ ಕಂಡಿತು. ಮರುವರ್ಷ ಫೆಬ್ರವರಿಯಲ್ಲಿ, ಮೆಕ್ಸಿಕೊದಲ್ಲಿ ನಡೆದ ಸಭೆಯೊಂದರಲ್ಲಿ ಎಲ್ಲರೂ ಹೊಲೊಸೀನ್, ಅಂದರೆ ಅಧಿಕೃತವಾಗಿ ಈಗ ನಡೆಯುತ್ತಿರುವ ಯುಗದ ಮಾತಾಡುತ್ತಿದ್ದಾಗ, ನಾವೀಗ ಇರುವುದು ಆ ಯುಗದಲ್ಲಲ್ಲ ಎಂದು ಕ್ರುಟ್ಸೆನ್ ನಡುವೆ ಬಾಯಿ ಹಾಕಿದರು. ಅಮೆರಿಕದ ಜೀವವಿಜ್ಞಾನಿ ಯೂಜೀನ್ ಸ್ಟೋರ್ಮರ್ 1980ರ ದಶಕದಿಂದಲೇ ಆಂಥ್ರೊಪೊಸೀನ್ ಎಂಬ ಪದವನ್ನು ಬಳಸುತ್ತಿದ್ದರು. ಇಬ್ಬರೂ ಸೇರಿ 2000ದಲ್ಲಿ ಒಂದು ಪುಟ್ಟ ಲೇಖನ ಬರೆದರು.

ಪದ ಬೇಗ ಹರಡಿತು. ಆದರೆ ಯುಗವೊಂದು ಅಧಿಕೃತವಾಗಬೇಕಾದರೆ ಪದ ಸಾಲದು, ಪದರ ಬೇಕು. ಭೂಮಿಯ ಎಲ್ಲೆಡೆ ಏಕಕಾಲಕ್ಕೆ ಗುರುತಿಸಬಹುದಾದ ಬದಲಾವಣೆಯೊಂದು ಕಲ್ಲಿನಲ್ಲೋ ಮಂಜುಗಡ್ಡೆಯಲ್ಲೋ ಕೆಸರಿನಲ್ಲೋ ದಾಖಲಾಗಿರಬೇಕು. ಅದು ಅತ್ಯಂತ ಸ್ಪಷ್ಟವಾಗಿ ಕಾಣುವ ಒಂದು ತಾಣವನ್ನು ಆರಿಸಿ, ಹೊಲದ ಅಂಚಿಗೆ ಗಡಿಕಲ್ಲು ನೆಟ್ಟಂತೆ ಗುರುತು ಹಾಕಬೇಕು. ಹೊಲೊಸೀನ್‌ನ ಗಡಿ ಇರುವುದು ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲಿ, 1,492 ಮೀಟರ್ ಆಳದಲ್ಲಿ. ವಯಸ್ಸು ಸುಮಾರು 11,700 ವರ್ಷ. ಅದೇ ಹೊಲೊಸೀನ್‌ನ ಕೊನೆಯ ಭಾಗಕ್ಕೆ 2018ರಲ್ಲಿ ‘ಮೇಘಾಲಯನ್’ ಎಂದು ಹೆಸರಿಟ್ಟರು. ಅದರ ಗುರುತು ಚಿರಾಪುಂಜಿ ಬಳಿಯ ಮಾವ್ಮ್‌ಲುಹ್ ಗುಹೆಯ ನೆಲದಿಂದ ಮೇಲಕ್ಕೆ ಬೆಳೆದ ಸುಣ್ಣದ ಕಂಬವೊಂದರಲ್ಲಿದೆ. ಸುಮಾರು 4,200 ವರ್ಷಗಳ ಹಿಂದೆ ಮಳೆಗಾಲ ಕೈಕೊಟ್ಟದ್ದನ್ನು ಆ ಕಂಬದ ರಾಸಾಯನಿಕ ಗುಣ ತೋರಿಸುತ್ತದೆ. ಅಧಿಕೃತ ಲೆಕ್ಕದಲ್ಲಿ ನಾವು ಇಂದಿಗೂ ಬದುಕುತ್ತಿರುವುದು ಭಾರತದ ನೆಲದ ಹೆಸರು ಹೊತ್ತ ಈ ಕಾಲಘಟ್ಟದಲ್ಲೇ.

ಮಾನವಯುಗದ ಗೆರೆಗೆ ಬಂದ ಸಲಹೆಗಳು ಹಲವು. ಕ್ರುಟ್ಸೆನ್ ಹೇಳಿದ್ದು 18ನೇ ಶತಮಾನದ ಕೊನೆ, ಉಗಿಯಂತ್ರದ ಕಾಲ. ಅಮೆರಿಕದ ವಿಲಿಯಂ ರಡಿಮನ್ 2003ರಲ್ಲಿ ಬಹಳ ಹಿಂದಕ್ಕೆ ಹೋದರು. ಅವರ ವಾದದಂತೆ ಸುಮಾರು 8,000 ವರ್ಷಗಳ ಹಿಂದೆ ಕಾಡು ಕಡಿದು ಬೇಸಾಯ ಶುರುವಾದಾಗಲೇ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರತೊಡಗಿತು. ಸುಮಾರು 5,000 ವರ್ಷಗಳ ಹಿಂದೆ ಏಷ್ಯಾದ ನೀರು ನಿಲ್ಲಿಸಿದ ಭತ್ತದ ಗದ್ದೆಗಳಿಂದ ಮೀಥೇನ್ ಹೆಚ್ಚಿತು. 2015ರಲ್ಲಿ ಬ್ರಿಟನ್ನಿನ ಸೈಮನ್ ಲೂಯಿಸ್ ಮತ್ತು ಮಾರ್ಕ್ ಮ್ಯಾಸ್ಲಿನ್ 1610ನೇ ಇಸವಿಯನ್ನು ಮುಂದಿಟ್ಟರು. ಐರೋಪ್ಯರ ಆಗಮನದ ನಂತರ ಅಮೆರಿಕ ಖಂಡಗಳಲ್ಲಿ ಸುಮಾರು 5 ಕೋಟಿ ಮೂಲನಿವಾಸಿಗಳು ರೋಗ, ಯುದ್ಧ, ಗುಲಾಮಗಿರಿಗೆ ಬಲಿಯಾದರು. ಉಳುವವರಿಲ್ಲದ ಹೊಲಗಳಲ್ಲಿ ಮತ್ತೆ ಕಾಡು ಬೆಳೆದು ಇಂಗಾಲವನ್ನು ಹೀರಿಕೊಂಡಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹಾಗೆ ಕುಸಿದದ್ದು ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಕಾಣುತ್ತದೆ ಎಂಬುದು ಅವರ ವಾದ. ಈ ಕುಸಿತಕ್ಕೆ ಬೇರೆ ಕಾರಣಗಳನ್ನು ಕೊಡುವವರೂ ಇದ್ದಾರೆ. ಆದರೂ ಒಂದು ಯುಗದ ಆರಂಭವನ್ನು ನರಮೇಧದೊಂದಿಗೆ ಜೋಡಿಸಿ ನೋಡುವ ಧೈರ್ಯ ನನಗೆ ಮುಖ್ಯವಾಗಿ ಕಾಣುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು 2009ರಲ್ಲಿ ಭೂವಿಜ್ಞಾನಿ ಯಾನ್ ಜಲಸೀವಿಚ್ ಅವರ ನೇತೃತ್ವದಲ್ಲಿ ರಚನೆಯಾದ ಕಾರ್ಯಪಡೆ ಇವೆಲ್ಲವನ್ನೂ ಬಿಟ್ಟು 20ನೇ ಶತಮಾನದ ನಡುಭಾಗವನ್ನು ಆರಿಸಿಕೊಂಡಿತು. ಎರಡನೇ ಮಹಾಯುದ್ಧದ ನಂತರ ಜನಸಂಖ್ಯೆ, ರಸಗೊಬ್ಬರ, ಅಣೆಕಟ್ಟು, ಪ್ಲಾಸ್ಟಿಕ್, ಪೆಟ್ರೋಲ್ ಬಳಕೆ ಎಲ್ಲವೂ ಒಮ್ಮೆಲೇ ಕಡಿದಾಗಿ ಏರಿದವು. ಜೊತೆಗೆ ಅಣುಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಇಡೀ ಭೂಮಿಯ ಮೇಲೆ ಉದುರಿತು. 12 ತಾಣಗಳನ್ನು ಪರಿಶೀಲಿಸಿದ ತಂಡ 2023ರ ಜುಲೈನಲ್ಲಿ ಕೆನಡಾದ ಒಂಟಾರಿಯೊದಲ್ಲಿರುವ ಕ್ರಾಫರ್ಡ್ ಸರೋವರವನ್ನು ಆರಿಸಿತು. ಸರೋವರ ಚಿಕ್ಕದು, ಆದರೆ ಆಳವಾದದ್ದು. ತಳದ ನೀರು ಮೇಲಿನ ನೀರಿನೊಂದಿಗೆ ಬೆರೆಯುವುದಿಲ್ಲ. ಪ್ರತಿ ಬೇಸಿಗೆಯಲ್ಲಿ ಸುಣ್ಣದ ಒಂದು ಬಿಳಿ ಪದರ, ಅದರ ಮೇಲೆ ಸಾವಯವ ಅಂಶದ ಒಂದು ಕಪ್ಪು ಪದರ ಕದಡದೆ ಕೂರುತ್ತವೆ. ಹಾಗಾಗಿ ವರ್ಷಗಳನ್ನು ಒಂದೊಂದಾಗಿ ಎಣಿಸಬಹುದು. ಶತಮಾನಗಳ ಹಿಂದೆ ದಡದಲ್ಲಿ ಮೆಕ್ಕೆಜೋಳ ಬೆಳೆದ ಮೂಲನಿವಾಸಿಗಳ ಬೆಳೆಯ ಪರಾಗವೂ, ಕಾರ್ಖಾನೆಗಳ ಹಾರುಬೂದಿಯೂ, ಪ್ಲುಟೋನಿಯಂ ಕೂಡ ಅಲ್ಲಿ ಸಾಲಾಗಿ ಸಿಗುತ್ತವೆ. ಗೆರೆಗೆ ಸೂಚಿಸಿದ ವರ್ಷ 1952. ಮೊದಲ ಜಲಜನಕ ಬಾಂಬ್ ಪರೀಕ್ಷೆ ನಡೆದದ್ದೂ ಅದೇ ವರ್ಷ.

ಇಷ್ಟು ಅಚ್ಚುಕಟ್ಟಾದ ಸಾಕ್ಷ್ಯವಿದ್ದೂ ಪ್ರಸ್ತಾವ ಬಿದ್ದುಹೋಯಿತು. ಯುಗಗಳನ್ನು ಸಾವಿರ, ಲಕ್ಷ ವರ್ಷಗಳಲ್ಲಿ ಅಳೆಯುವ ಶಾಸ್ತ್ರಕ್ಕೆ ಒಬ್ಬ ಮನುಷ್ಯನ ಆಯುಷ್ಯದಷ್ಟು ಕಾಲ ತೀರಾ ಅಲ್ಪ ಎಂಬುದು ಒಂದು ಆಕ್ಷೇಪ. ಇನ್ನೊಂದು ಹೆಚ್ಚು ಗಂಭೀರವಾದದ್ದು: 1952ಕ್ಕೆ ಗೆರೆ ಎಳೆದರೆ ಬೇಸಾಯ, ವಸಾಹತುಶಾಹಿ, ಕಲ್ಲಿದ್ದಲಿನ ಕಾಲ ಎಲ್ಲವೂ ಗೆರೆಯ ಆಚೆ ಉಳಿದುಬಿಡುತ್ತವೆ. ಈ ಕಾರಣಕ್ಕೇ ಪರಿಸರವಿಜ್ಞಾನಿ ಅರ್ಲ್ ಎಲ್ಲಿಸ್ 2023ರಲ್ಲಿ ಕಾರ್ಯಪಡೆಯಿಂದ ಹೊರಬಂದರು.

ಆ ಆಕ್ಷೇಪ ಸರಿ ಎಂದೇ ನನ್ನ ಅಭಿಪ್ರಾಯ. ಪರಿಶೀಲನೆಗೆ ಬಂದ 12 ತಾಣಗಳಲ್ಲಿ ದಕ್ಷಿಣ ಏಷ್ಯಾದ್ದು, ಆಫ್ರಿಕಾದ್ದು, ದಕ್ಷಿಣ ಅಮೆರಿಕದ್ದು ಒಂದೂ ಇರಲಿಲ್ಲ. ಯುದ್ಧಾನಂತರದ ಆ ಏರಿಕೆಯನ್ನು ರೇಖಾನಕ್ಷೆಗಳಲ್ಲಿ ತೋರಿಸಿದ ವಿಲ್ ಸ್ಟೆಫೆನ್ ಮತ್ತು ಸಂಗಡಿಗರೇ 2015ರಲ್ಲಿ ದೇಶಗಳನ್ನು ಬೇರ್ಪಡಿಸಿ ಲೆಕ್ಕ ಹಾಕಿದರು. 2010ರಲ್ಲಿ ಜಗತ್ತಿನ ಜನಸಂಖ್ಯೆಯ ಶೇ. 18ರಷ್ಟಿದ್ದ ಶ್ರೀಮಂತ ದೇಶಗಳ ಪಾಲಿಗೆ ಜಾಗತಿಕ ಉತ್ಪನ್ನದ ಶೇ. 74 ಸಂದಿತ್ತು. ‘ಮನುಷ್ಯ’ ಎಂಬ ಒಂದೇ ಹೆಸರಿನಡಿ ಎಲ್ಲರನ್ನೂ ಕೂಡಿಸಿದರೆ ರಾಯಚೂರಿನ ಕೂಲಿಕಾರನೂ ತೈಲ ಕಂಪನಿಯ ಮಾಲೀಕನೂ ಸಮಾನ ಹೊಣೆಗಾರರಾಗುತ್ತಾರೆ.

ಎಲ್ಲಿಸ್, ಬ್ರಿಟನ್ನಿನ ಫಿಲಿಪ್ ಗಿಬ್ಬಾರ್ಡ್ ಮೊದಲಾದವರು ಇನ್ನೊಂದು ದಾರಿ ತೋರಿಸಿದ್ದಾರೆ. ಆಂಥ್ರೊಪೊಸೀನನ್ನು ಯುಗವೆನ್ನದೆ ‘ಘಟನೆ’ ಎನ್ನೋಣ ಎಂಬುದು ಅವರ ಸಲಹೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಸೂಕ್ಷ್ಮಜೀವಿಗಳಿಂದ ವಾತಾವರಣದಲ್ಲಿ ಆಮ್ಲಜನಕ ತುಂಬಿದ್ದನ್ನು ಭೂವಿಜ್ಞಾನ ಹೀಗೆಯೇ ಗುರುತಿಸುತ್ತದೆ. ಘಟನೆಗೆ ಒಂದೇ ವರ್ಷದ ಗೆರೆ ಬೇಕಿಲ್ಲ, ಸಮಿತಿಯ ಮತವೂ ಬೇಕಿಲ್ಲ. ಬೇರೆ ಬೇರೆ ನೆಲದಲ್ಲಿ ಬೇರೆ ಬೇರೆ ಕಾಲಕ್ಕೆ ಶುರುವಾಗಿ ಅದು ದಟ್ಟವಾಗುತ್ತ ಹೋಗಬಹುದು. ಗದ್ದೆಯ ಮೀಥೇನ್, ಪಾಳುಬಿದ್ದ ಅಮೆರಿಕದ ಹೊಲಗಳು, ಉಗಿಯಂತ್ರ, ಪ್ಲುಟೋನಿಯಂ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಯಾರ ಪಾಲು ಎಷ್ಟು ಎಂದು ಬಿಡಿಸಿ ಕೇಳುವುದಕ್ಕೂ ಇದೆ.