ಮದ್ದು ಬಿಟ್ಟಾಯಿತು, ತಾಮ್ರ ಎಲ್ಲಿ ಹೋಯಿತು?

ಮಳೆ ಹಿಡಿಯುವ ಮೊದಲು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ ಕಡೆಯ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣದ ಬ್ಯಾರೆಲ್ ಏಳುತ್ತದೆ. ನಲವತ್ತು–ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಕೊಳೆರೋಗಕ್ಕೆ, ಇಲ್ಲಿನ ಮಾತಿನಲ್ಲಿ ಮಹಾಳಿಗೆ, ಇದಕ್ಕಿಂತ ನೆಚ್ಚಿನ ಮದ್ದು ಇನ್ನೂ ಬಂದಿಲ್ಲ.

ಅಳತೆ ಸುಲಭ: 100 ಲೀಟರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ 50–50 ಲೀಟರ್ ನೀರಿನಲ್ಲಿ ಬೇರೆಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ತಿರುಗಾಮುರುಗಾ ಮಾಡಿದರೆ ಕಣ ದಪ್ಪವಾಗಿ ತಳ ಹಿಡಿಯುತ್ತದೆ, ನಾಝಲ್ ಕಟ್ಟುತ್ತದೆ. ಕಬ್ಬಿಣದ ಪಾತ್ರೆ ಬೇಡ. ಕೊನೆಗೆ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿಗೆ ಕೆಂಪು ಹತ್ತಿತೆಂದರೆ ಬಿಡಿ ತಾಮ್ರ ಇನ್ನೂ ಉಳಿದಿದೆ, ನಳ್ಳಿ (ಎಳೆ ಅಡಿಕೆ) ಸುಡುತ್ತದೆ, ಸುಣ್ಣ ಸೇರಿಸಿ. ಹಳೇ ಚೀಲದ ಸುಣ್ಣದಲ್ಲಿ ಈ ತೊಂದರೆ ಹೆಚ್ಚು. ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಅದರ ಬಲ ಹೋಗಿರುತ್ತದೆ.

ಇನ್ನು ಲೆಕ್ಕ. ಮೈಲುತುತ್ತಿನಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 540 ಮರ, ಮರಕ್ಕೆ ಒಂದು ಲೀಟರ್, ವರ್ಷಕ್ಕೆ ಎರಡು ಸಲ ಎಂದಿಟ್ಟುಕೊಂಡರೆ 2.7 ಕಿಲೋ ತಾಮ್ರ, ಅಂದರೆ ಹೆಕ್ಟೇರಿಗೆ ಆರೂವರೆ ಕಿಲೋ ದಾಟಿತು. ಯುರೋಪಿನ ಒಕ್ಕೂಟ ದ್ರಾಕ್ಷಿ ತೋಟಗಳಿಗೂ ಸೇರಿ ಇಟ್ಟ ಮಿತಿ ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕಿಲೋ. ವರ್ಷದ ಸರಾಸರಿ ನಾಲ್ಕೇ.

ಇದೇ ಎಣ್ಮಕಜೆಯ ಗೇರುತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಚೆಲ್ಲಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷವೇ ಬೇರೆ, ಅದರ ಸಾಲಿಗೆ ಬೋರ್ಡೋವನ್ನು ನಿಲ್ಲಿಸುವುದು ಅನ್ಯಾಯ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಎಂಡೋಸಲ್ಫಾನಿನ ಅಣು ನಿಧಾನವಾಗಿಯಾದರೂ ಒಡೆಯುತ್ತದೆ, ಅದಕ್ಕೊಂದು ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಬೇಕಾದ ಕಾಲ) ಇದೆ. ತಾಮ್ರ ಮೂಲವಸ್ತು, ಅದು ಒಡೆದು ಹೋಗುವುದೆಂಬುದಿಲ್ಲ. ಸೊಪ್ಪುಗೊಬ್ಬರದ ಕೊಳೆತ ಅಂಶಕ್ಕೆ ಅಂಟಿಕೊಂಡು ಮೇಲ್ಮಣ್ಣಿನಲ್ಲೇ ಕೂರುತ್ತದೆ. ಎರೆಹುಳ ಇರುವುದೂ ಅಲ್ಲೇ, ಅಡಿಕೆಯ ಬೇರು ಹಬ್ಬುವುದೂ ಹೆಚ್ಚಾಗಿ ಅಲ್ಲೇ. ಮೇಲಿನ ಲೆಕ್ಕದಲ್ಲೇ ಮೂವತ್ತು ವರ್ಷ ಹೋದರೆ, ಎಲ್ಲವೂ ಮೇಲಿನ 15 ಸೆಂಟಿಮೀಟರಿನಲ್ಲಿ ನಿಂತಿತೆಂದರೆ, ಕಿಲೋ ಮಣ್ಣಿಗೆ ಸುಮಾರು 100 ಮಿಲಿಗ್ರಾಂ ಹೆಚ್ಚುವರಿ ತಾಮ್ರ.

ನಮ್ಮ ಮುರಕಲ್ಲು ಮಣ್ಣಿಗೆ ಹುಳಿ ಗುಣ. ಹುಳಿ ಹೆಚ್ಚಿದಷ್ಟೂ ತಾಮ್ರ ಸಡಿಲಾಗಿ ಬೇರಿಗೆ ಸಿಗುತ್ತದೆ. ಹಾಗಾಗಿ ಮಣ್ಣು ಪರೀಕ್ಷೆಗೆ ಕೊಡುವಾಗ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಮಾತ್ರ ಕೇಳದೆ ಪಿಎಚ್ (ಹುಳಿಯ ಅಳತೆ), ತಾಮ್ರ ಎರಡನ್ನೂ ಕೇಳಿ. ಹುಳಿ ಕಂಡರೆ ಬುಡಕ್ಕೆ ಸುಣ್ಣ ಕೊಡಿ. ಸಿಂಪಡಿಕೆ ಕಡಿಮೆ ಮಾಡಲು ದಾರಿ ಎರಡು: ರೋಗದ ನಳ್ಳಿಯನ್ನು ಹೆಕ್ಕಿ ಸುಡುವುದು, ದ್ರಾವಣಕ್ಕೆ ಅಂಟು ಸೇರಿಸಿ ಗೊನೆಗೇ ಬೀಳುವಂತೆ ಹೊಡೆಯುವುದು. ಸೋಗೆಗೆ ಬಿದ್ದದ್ದು ಬರೀ ಮಣ್ಣಿನ ಪಾಲು.

ಬ್ಯಾರೆಲ್ ತೊಳೆದ ನೀರನ್ನು ತೋಡಿಗೆ ಬಿಡಬೇಡಿ. ಮೀನಿಗೆ, ಬಸವನಹುಳಕ್ಕೆ ತಾಮ್ರ ತೀರಾ ಸಣ್ಣ ಪ್ರಮಾಣದಲ್ಲೂ ವಿಷ. ಆ ನೀರನ್ನು ಇಟ್ಟುಕೊಂಡು ಮರುದಿನದ ಸುಣ್ಣ ಕದಡಲು ಬಳಸಬಹುದು.