ಹೋದ ಕೈಕಾಲಿಗೆ ಕಡತದಲ್ಲಿ ಯಾವ ಸಂಕೇತ?

ದಾವಣಗೆರೆಯ ಆಸ್ಪತ್ರೆಗೆ ಕೈಕಾಲು ಕಳೆದುಕೊಂಡು ಬರುವವರಲ್ಲಿ ಹೆದ್ದಾರಿ ಅಪಘಾತಕ್ಕೆ ಸಿಕ್ಕವರಿದ್ದಾರೆ, ಮೆಕ್ಕೆಜೋಳ ಒಕ್ಕುವ ಯಂತ್ರಕ್ಕೆ ಕೈ ಕೊಟ್ಟವರಿದ್ದಾರೆ, ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತವರೂ ಇದ್ದಾರೆ. ಇವರ ನೋವಿನ ಮೂಲ ಬೇರೆ ಬೇರೆಯಾದರೂ, ಗಾಯ ಮಾಗಿದ ಮೇಲೆ ಕಡತದಲ್ಲಿ ಉಳಿಯುವ ಅಂತರರಾಷ್ಟ್ರೀಯ ರೋಗ ವರ್ಗೀಕರಣದ (ಐಸಿಡಿ) ಸಂಕೇತ ಅನೇಕ ವೇಳೆ ಒಂದೇ: ಝಡ್89, ಅಂದರೆ ‘ಅಂಗವಿಲ್ಲ’ ಎಂಬ ಸ್ಥಿತಿ.

ಈ ವರ್ಗೀಕರಣದ ಮೂಲ, 1893ರಲ್ಲಿ ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಬರ್ಟಿಲಾನ್ ಸಿದ್ಧಪಡಿಸಿದ ಸಾವಿನ ಕಾರಣಗಳ ಪಟ್ಟಿ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಹಿಸಿಕೊಂಡ ಆರನೆಯ ಪರಿಷ್ಕರಣೆಯಲ್ಲಿ ಬದುಕಿರುವವರ ಕಾಯಿಲೆಗಳೂ ಸೇರಿದವು.

ತೊಡಕು ಹೆಚ್ಚಾಗಿ ಕಾಣುವುದು 1990ರಲ್ಲಿ ಒಪ್ಪಿಗೆ ಪಡೆದ ಹತ್ತನೆಯ ಪರಿಷ್ಕರಣೆಯ ಬಳಕೆಯಲ್ಲಿ. ಜಗಳೂರು ಕಡೆಯ ರೈತರೊಬ್ಬರ ಮುಂಗೈ ಯಂತ್ರಕ್ಕೆ ಸಿಕ್ಕಿ ತುಂಡಾಯಿತೆಂದರೆ, ಆ ದಿನದ ಗಾಯಕ್ಕೆ ಎಸ್58 ಬರೆದು, ಕೃಷಿಯಂತ್ರದಿಂದ ಆದದ್ದೆಂದು ತಿಳಿಸಲು ಡಬ್ಲ್ಯು30 ಸೇರಿಸಬೇಕು. ಮೊಂಡು ಭಾಗಕ್ಕೆ ಸೋಂಕು ತಗುಲಿದರೆ ಟಿ87.4, ಇಲ್ಲದ ಕೈಯೇ ನೋಯುತ್ತಿದ್ದರೆ ಜಿ54.6. ಈ ಕೊನೆಯದು ಭ್ರಮೆಯಲ್ಲ, ನಿಜವಾದ ನೋವು; ಅದಕ್ಕೆ ಸ್ವಂತ ಸಂಕೇತವಿದೆ ಎಂಬುದನ್ನು ರೋಗಿಗಳೂ ತಿಳಿದಿರಬೇಕು. ಸಕ್ಕರೆ ಕಾಯಿಲೆಯವರ ಲೆಕ್ಕ ಬೇರೆ. ಅವರ ಕಾಲನ್ನು ತೆಗೆದದ್ದು ಚಿಕಿತ್ಸೆಯೇ ಹೊರತು ಅಪಘಾತವಲ್ಲದ್ದರಿಂದ ಗಾಯದ ಸಂಕೇತ ಹಾಕುವಂತಿಲ್ಲ. ರಕ್ತಸಂಚಾರ ಕೆಟ್ಟದ್ದನ್ನು ಹೇಳುವ ಇ11.5ರಂಥ ಸಂಕೇತವನ್ನೂ ಬಿಟ್ಟರೆ, ಆ ಕಾಲು ಏಕೆ ಹೋಯಿತೆಂಬುದೇ ಕಡತದಿಂದ ಅಳಿಸಿಹೋಗುತ್ತದೆ.

ಇನ್ನೊಂದು ಕೊರತೆ ಎಡಬಲದ್ದು. ಮೊಣಕಾಲು ಅಥವಾ ಅದರ ಕೆಳಗೆ ಕಾಲಿಲ್ಲದಿರುವುದನ್ನು ಝಡ್89.5 ತಿಳಿಸುತ್ತದೆಯೇ ಹೊರತು ಯಾವ ಕಾಲೆಂದು ತಿಳಿಸುವುದಿಲ್ಲ. ಅಮೆರಿಕದವರು 2015ರ ಅಕ್ಟೋಬರ್‌ನಿಂದ ಬಳಸುತ್ತಿರುವ ತಮ್ಮ ವಿಸ್ತೃತ ರೂಪದಲ್ಲಿ ಬಲಗಾಲಿಗೆ ಝಡ್89.511, ಎಡಗಾಲಿಗೆ ಝಡ್89.512 ಎಂದು ಬೇರ್ಪಡಿಸಿದರು. 2022ರ ಜನವರಿ 1ರಂದು ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಮೂಲ ಸಂಕೇತಕ್ಕೆ ಎಡಬಲವನ್ನು ಜೋಡಿಸಲು ಅವಕಾಶವಿದೆ. ಒಂದು ಕಾಲು ಕಳೆದುಕೊಂಡ ಸಕ್ಕರೆ ಕಾಯಿಲೆಯವರ ಉಳಿದ ಪಾದವನ್ನು ಕಣ್ಣಿಟ್ಟು ಕಾಯಬೇಕಾದ್ದರಿಂದ ಇದನ್ನು ಸಣ್ಣ ಸಂಗತಿ ಎನ್ನಲಾಗದು.

ಇದರ ಪಕ್ಕದಲ್ಲೇ ಅಂಗವೈಕಲ್ಯ ಪ್ರಮಾಣಪತ್ರದ ದಾರಿ ಪ್ರತ್ಯೇಕವಾಗಿ ಸಾಗಿದೆ. 1995ರ ಕಾಯ್ದೆಯಲ್ಲೂ 2016ರ ಕಾಯ್ದೆಯಲ್ಲೂ ಸವಲತ್ತಿಗೆ ಮುಖ್ಯವಾದದ್ದು ಶೇ 40ರ ಮಿತಿ. ಅಲ್ಲಿ ಲೆಕ್ಕಕ್ಕೆ ಬರುವುದು ಶೇಕಡಾವಾರು, ರೋಗಸಂಕೇತವಲ್ಲ. ಹೀಗೆ ಒಬ್ಬರದೇ ಕಾಲಿಗೆ ಎರಡು ಕಾಗದ, ಎರಡು ಭಾಷೆ.

ಸಂಕೇತ ಹಾಕುವ ಸಿಬ್ಬಂದಿ ರೋಗಿಯನ್ನು ನೋಡಿರುವುದಿಲ್ಲ, ಬರೆದದ್ದನ್ನಷ್ಟೇ ಓದುತ್ತಾರೆ. ಬಿಡುಗಡೆ ಪತ್ರದಲ್ಲಿ ‘ಬಿ.ಕೆ. ಆಂಪ್ಯುಟೇಶನ್’ (ಮೊಣಕಾಲ ಕೆಳಗೆ ಕತ್ತರಿಸಿದ್ದು) ಎಂದಷ್ಟೇ ಇದ್ದರೆ ಅವರು ಊಹಿಸಿ ಬರೆಯುವಂತಿಲ್ಲ. ಯಾವ ಕಾಲು, ಯಾವ ಮಟ್ಟದಲ್ಲಿ, ಯಾವ ಕಾರಣಕ್ಕೆ ಎಂಬ ಒಂದು ಸಾಲು ವಾರ್ಡಿನಲ್ಲೇ ಸೇರಬೇಕು.